ಹೂವು ಕಂಡಿತು, ಬಿಲ್ಲು ಕಾಣಲಿಲ್ಲ: ಲಾಲ್‌ಬಾಗಿನ ಕ್ರುಂಬಿಗಲ್ ದೊರೆ ಬಾಳಿದ ಬಗೆ

ಏಪ್ರಿಲ್ ತಿಂಗಳು ಬಂತೆಂದರೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಗುಲ್‌ಮೊಹರ್ ಕೆಂಪಗೆ ಉರಿಯುತ್ತೆ. ಜನ ನಿಂತು ನೋಡ್ತಾರೆ, ಫೋಟೊ ತೆಗೀತಾರೆ, ಹೋಗ್ತಾರೆ. ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಹೊಡೆದರೆ ಅದೇ ಮರದ ಕೊಂಬೆ ಆಟೋ ಮೇಲೆ ಬಿದ್ದಿರುತ್ತೆ. ಆಗಲೂ ಜನ ನಿಂತು ನೋಡ್ತಾರೆ, ಫೋಟೊ ತೆಗೀತಾರೆ, ಕಾರ್ಪೊರೇಷನ್ನಿಗೆ ನಾಲ್ಕು ಬೈದು ಹೋಗ್ತಾರೆ. ಮಿಕ್ಕ ಹತ್ತು ಹನ್ನೊಂದು ತಿಂಗಳು ಆ ಮರವನ್ನು ನೋಡಿಕೊಂಡವರು ಯಾರು, ಅದಕ್ಕೆ ಎಷ್ಟು ಖರ್ಚಾಯಿತು, ಆ ಖರ್ಚು ಯಾವ ಬಾಬ್ತಿನಿಂದ ಬಂತು ಎಂದು ಕೇಳುವವರು ಮಾತ್ರ ಇಲ್ಲ.

ಈ ಊರಿನ ಹೂವಿನ ಮಾತು ಬಂದಾಗಲೆಲ್ಲ ಒಂದು ಹೆಸರು ಬಂದೇ ಬರುತ್ತೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಾಲ್‌ಬಾಗಿನ ಪಕ್ಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ಅದು ಮನುಷ್ಯನ ಹೆಸರೋ ಊರಿನ ಹೆಸರೋ ಎಂಬ ಅನುಮಾನ. ಮರ ನೆಡಿಸಿದವರೆಂದು ಅವರನ್ನು ಹೊಗಳುವುದು ಸುಲಭ. ಆದರೆ ಅವರು ಬರೀ ನೆಡಿಸಿದವರಲ್ಲ. 24 ವರ್ಷ ಸರ್ಕಾರಿ ತೋಟಗಳ ಆಡಳಿತ ನಡೆಸಿದವರು. ಅವರ ಬಾಳನ್ನು ಆ ಕಡೆಯಿಂದ ನೋಡಿದರೆ ಇವತ್ತಿನ ಪಾಲಿಕೆಗಳಿಗೆ ಒಂದಷ್ಟು ಪಾಠ ಸಿಗುತ್ತೆ.

ಸ್ಯಾಕ್ಸನಿಯಿಂದ ಹೊರಟವರು

ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡನ್ ನಗರದ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ಅದು ಸ್ಯಾಕ್ಸನಿ ಸೀಮೆ. ಓದಿದ್ದು ತೋಟಗಾರಿಕೆ. ಪಿಲ್‌ನಿಟ್ಸ್‌ನಲ್ಲಿ ಕಲಿತು, ಹ್ಯಾಂಬರ್ಗ್ ಮುಂತಾದ ಕಡೆ ತೋಟದ ಕೆಲಸ ಮಾಡಿದರು. ಮಣ್ಣು ಕಲಸಿ, ಕುಂಡ ಹೊತ್ತು, ಕತ್ತರಿ ಹಿಡಿದು ಮೇಲೆ ಬಂದವರು. ಪರೀಕ್ಷೆ ಪಾಸು ಮಾಡಿ ನೇರವಾಗಿ ಕುರ್ಚಿಯಲ್ಲಿ ಕೂತವರಲ್ಲ.

1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ಕೆಲಸ. ಆಮೇಲೆ ಕ್ಯೂ ಸಸ್ಯೋದ್ಯಾನದಲ್ಲಿ ಜಾಗ ಸಿಕ್ಕಿತು. ಆ ಕಾಲಕ್ಕೆ ತೋಟಗಾರಿಕೆಯವರಿಗೆ ಕ್ಯೂ ಎಂದರೆ ಸಂಗೀತಗಾರರಿಗೆ ಮೈಸೂರಿನ ಅರಮನೆ ಇದ್ದ ಹಾಗೆ. ಅಲ್ಲಿ ಪಳಗಿದವನಿಗೆ ಪ್ರಪಂಚದ ಯಾವ ಮೂಲೆಯಲ್ಲೂ ಕೆಲಸ ಇತ್ತು. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ರಬ್ಬರ್, ಸಿಂಕೋನ, ಕಾಫಿ, ಹತ್ತಿ ಎಂದು ಗಿಡಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ವ್ಯವಹಾರಕ್ಕೆ ಕ್ಯೂ ತೋಟವೇ ಹೆಡ್ ಆಫೀಸು.

ಬರೋಡದ ಮಹಾರಾಜ ಮೂರನೇ ಸಯ್ಯಾಜಿರಾವ್ ಗಾಯಕವಾಡರು ಒಳ್ಳೆ ಕೆಲಸಗಾರರನ್ನು ಹುಡುಕಿ ತರುವುದರಲ್ಲಿ ಹೆಸರಾದವರು. 1893ರಲ್ಲಿ ಕ್ರುಂಬಿಗಲ್ ಅವರ ಸೇವೆಗೆ ಸೇರಿ ಇಂಡಿಯಾಕ್ಕೆ ಬಂದರು. ಆಗ ಅವರಿಗೆ 27 ವರ್ಷ. ಬರೋಡ ಸಂಸ್ಥಾನದ ತೋಟಗಳ ಉಸ್ತುವಾರಿ ಅವರದಾಯಿತು. ಊಟಿಯಲ್ಲಿದ್ದ ಗಾಯಕವಾಡರ ಬೇಸಿಗೆ ಅರಮನೆಯ ತೋಟದ ಕೆಲಸವೂ ಅವರ ಕೈಗೆ ಬಂತು. ಬರೋಡದ ಬಿಸಿಲು ಒಂದು ಕಡೆ, ಊಟಿಯ ಚಳಿ ಇನ್ನೊಂದು ಕಡೆ. ಈ ಎರಡರ ನಡುವೆ ಹದಿನೈದು ವರ್ಷ ಕಳೆದವರಿಗೆ ಈ ದೇಶದ ಹವೆಯಲ್ಲಿ ಯಾವ ಗಿಡ ಬದುಕುತ್ತೆ, ಯಾವುದು ಸಾಯುತ್ತೆ ಎಂಬುದು ಪುಸ್ತಕ ನೋಡದೆಯೇ ಗೊತ್ತಾಗಿತ್ತು.

ಬೆಂಗಳೂರಿಗೆ ಬಂದದ್ದು

ಲಾಲ್‌ಬಾಗನ್ನು 1760ರಲ್ಲಿ ಶುರು ಮಾಡಿದ್ದು ಹೈದರಾಲಿ. ಬೆಳೆಸಿದ್ದು ಟಿಪ್ಪು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ಅದನ್ನು ನೋಡಿಕೊಂಡರು. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲಿ. ಸೀಮೆಬದನೆಕಾಯಿಯನ್ನು ಬೆಂಗಳೂರಿನವರ ತಟ್ಟೆಗೆ ತಂದ ಪುಣ್ಯವೂ ಅವರದೇ ಎಂಬ ಮಾತಿದೆ. ಅಂಥವರು ನಿವೃತ್ತರಾದಾಗ ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಕ್ರುಂಬಿಗಲ್ ಅವರನ್ನು ಕರೆಸಿಕೊಂಡರು. 1908ರಲ್ಲಿ, 42ರ ವಯಸ್ಸಿನಲ್ಲಿ, ಅವರು ಲಾಲ್‌ಬಾಗಿಗೆ ಬಂದರು.

ಅವರಿಗೆ ಕೊಟ್ಟ ಹುದ್ದೆಯ ಹೆಸರನ್ನು ಗಮನಿಸಬೇಕು. ಆರ್ಥಿಕ ಸಸ್ಯಶಾಸ್ತ್ರಜ್ಞ ಎಂದು. ಅಂದರೆ ದುಡ್ಡು ತರುವ ಗಿಡಗಳ ತಜ್ಞ. ಮಹಾರಾಜರ ಸರ್ಕಾರ ಬರೀ ಹೂವು ನೋಡಿ ಖುಷಿಪಡುವುದಕ್ಕೆ ಅವರನ್ನು ಕರೆಸಿರಲಿಲ್ಲ. ರೈತನಿಗೆ ಹೊಸ ಬೆಳೆ ಬೇಕು, ಸಂಸ್ಥಾನಕ್ಕೆ ಆದಾಯ ಬೇಕು, ಲಾಲ್‌ಬಾಗು ಅದಕ್ಕೆ ಪ್ರಯೋಗಶಾಲೆಯಾಗಬೇಕು ಎಂಬುದು ಲೆಕ್ಕ. ಕ್ರುಂಬಿಗಲ್ ಆ ಲೆಕ್ಕಕ್ಕೆ ಮೋಸ ಮಾಡಲಿಲ್ಲ. ಹೊರದೇಶಗಳ ತೋಟಗಳ ಜೊತೆ ಬೀಜ ಕೊಟ್ಟು ಬೀಜ ತರಿಸುವ ವ್ಯವಹಾರ ಬೆಳೆಸಿದರು. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳ ಹೀಗೆ ಒಂದೊಂದೇ ಲಾಲ್‌ಬಾಗಿಗೆ ಬಂದವು.

1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು. ಗಿಡ ಸಾಕುವ ಹುಚ್ಚು ಇದ್ದ ಊರಿನ ಜನರನ್ನು ಸರ್ಕಾರದ ತೋಟದ ಜೊತೆ ಸೇರಿಸಿದ ಸಂಸ್ಥೆ ಅದು. ಇವತ್ತಿಗೂ ಜನವರಿಯಲ್ಲಿ, ಆಗಸ್ಟಿನಲ್ಲಿ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಆ ಸಂಘದ ಹೆಸರು ಇರುತ್ತೆ. ಸರ್ಕಾರಿ ನೌಕರ, ಮಾಲಿ, ಮನೆಯ ಮುಂದೆ ನಾಲ್ಕು ಕುಂಡ ಇಟ್ಟ ಗೃಹಿಣಿ, ಎಲ್ಲರೂ ಒಂದೇ ಚಪ್ಪರದಡಿ. ಗಿಡದ ಬಗ್ಗೆ ಅಕ್ಕರೆ ಇರುವ ಜನ ಬೆನ್ನಿಗಿಲ್ಲದಿದ್ದರೆ ಸರ್ಕಾರದ ತೋಟ ಬರೀ ಸರ್ಕಾರದ ತೋಟವಾಗಿಯೇ ಉಳಿಯುತ್ತೆ.

ಒಂದಾದ ಮೇಲೊಂದು ಹೂವು

ಕ್ರುಂಬಿಗಲ್ ಹೆಸರಿನ ಜೊತೆ ಅಂಟಿಕೊಂಡಿರುವ ದೊಡ್ಡ ಯೋಚನೆ ರಸ್ತೆಮರಗಳದ್ದು. ವರ್ಷದ ಯಾವ ತಿಂಗಳಾದರೂ ಊರಿನ ಯಾವುದಾದರೂ ರಸ್ತೆಯಲ್ಲಿ ಮರ ಹೂ ಬಿಟ್ಟಿರಬೇಕು. ಒಂದು ಜಾತಿ ಮುಗಿಸುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು. ಹಾಗೆ ಲೆಕ್ಕ ಹಾಕಿ ರಸ್ತೆಗೊಂದು ಜಾತಿ ಆರಿಸಿ ಸಾಲಾಗಿ ನೆಡುವುದು. ಮಾರ್ಚಿಗೆ ನೀಲಿ ಜಕರಂಡ. ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್, ಹಳದಿ ಕಕ್ಕೆ, ಹೊಳೆದಾಸವಾಳ. ಚಳಿ ಶುರುವಾಗುವಾಗ ಆಕಾಶಮಲ್ಲಿಗೆಯ ಬಿಳಿ ಹೂವು ನೆಲಕ್ಕೆ ಹಾಸಿರುತ್ತೆ.

ಇಲ್ಲಿ ಒಂದು ತಿದ್ದುಪಡಿ ಬೇಕು. ಇವತ್ತು ಬೆಂಗಳೂರಿನಲ್ಲಿ ಹೂ ಬಿಡುವ ಮರವೆಲ್ಲ ಕ್ರುಂಬಿಗಲ್ ನೆಡಿಸಿದ್ದಲ್ಲ. ಅವರಿಗಿಂತ ಮೊದಲೇ ಸಾಲುಮರಗಳಿದ್ದವು. ಅವರಾದ ಮೇಲೆ ಬಂದವೂ ಬೇಕಾದಷ್ಟು. 1982ರಿಂದ ಕೆಲವು ವರ್ಷ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಇವತ್ತು ಜನ ಮುಗಿಬಿದ್ದು ನೋಡುವ ಗುಲಾಬಿ ಬಣ್ಣದ ಟಬೂಬಿಯಾ ಸಾಲುಗಳಲ್ಲಿ ಬಹುಪಾಲಿನ ಪುಣ್ಯ ಅವರ ಕಾಲಕ್ಕೆ ಸೇರಬೇಕು. 2021ರಲ್ಲಿ ಅವರು ತೀರಿಕೊಂಡರು. ಆದರೆ ರಸ್ತೆಮರವೂ ಊರಿನ ಯೋಜನೆಯ ಒಂದು ಭಾಗ, ಎಲ್ಲಿ ಖಾಲಿ ಇದೆಯೋ ಅಲ್ಲಿ ಏನೋ ಒಂದು ನೆಟ್ಟರಾಯಿತು ಎಂಬಂಥದ್ದಲ್ಲ ಎಂದು ಮಾಡಿ ತೋರಿಸಿದವರ ಪೈಕಿ ಕ್ರುಂಬಿಗಲ್ ದೊಡ್ಡವರು. ಮೈಸೂರು ಸರ್ಕಾರ ಅವರನ್ನು ಕಟ್ಟಡ, ನಗರ ಯೋಜನೆ ವಿಷಯಗಳಿಗೂ ಸಲಹೆಗಾರರನ್ನಾಗಿ ಇಟ್ಟುಕೊಂಡಿತ್ತು. ರಸ್ತೆಯ ಅಗಲ, ಮನೆಯ ಎತ್ತರ, ಮರದ ಹರವು ಈ ಮೂರನ್ನೂ ಒಟ್ಟಿಗೆ ನೋಡುವ ಅವಕಾಶ ಒಬ್ಬನೇ ಮನುಷ್ಯನಿಗೆ ಸಿಕ್ಕಿತ್ತು. ಈಗ ರಸ್ತೆ ಒಬ್ಬರದು, ಚರಂಡಿ ಒಬ್ಬರದು, ಕರೆಂಟು ಕಂಬ ಒಬ್ಬರದು, ಮರ ಇನ್ನೊಬ್ಬರದು.

ಸಸಿಗೆ ಒಂದು ದಿನ, ಮರಕ್ಕೆ ನೂರು ವರ್ಷ

ರಸ್ತೆಗೊಂದು ಜಾತಿ ಎಂಬುದರಲ್ಲಿ ಚೆಂದ ಮಾತ್ರ ಅಲ್ಲ, ಆಡಳಿತದ ಅನುಕೂಲವೂ ಇದೆ. ಒಂದು ರಸ್ತೆಯ ಮರಗಳೆಲ್ಲ ಒಟ್ಟಿಗೆ ಎಲೆ ಉದುರಿಸುತ್ತವೆ, ಒಟ್ಟಿಗೆ ಚಿಗುರುತ್ತವೆ. ಕೊಂಬೆ ಸವರುವ ಆಳುಗಳನ್ನು ಒಂದು ಸಲ ಕಳಿಸಿದರೆ ಇಡೀ ರಸ್ತೆಯ ಕೆಲಸ ಮುಗಿಯುತ್ತೆ. ಮಾಲಿಗೆ ಆ ಜಾತಿಯ ಗುಣ ಗೊತ್ತಿದ್ದರೆ ಸಾಕು.

ಆದರೆ ಅದೇ ಅನುಕೂಲದ ಬೆನ್ನಲ್ಲಿ ಒಂದು ಸಾಲ ಕೂತಿದೆ. ಒಟ್ಟಿಗೆ ನೆಟ್ಟದ್ದು ಒಟ್ಟಿಗೆ ಮುದಿಯಾಗುತ್ತೆ. ಗುಲ್‌ಮೊಹರ್ ಆಲದ ಮರವಲ್ಲ. ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಮೆದು, ಕೆಲವು ದಶಕ ಕಳೆದರೆ ಒಳಗೆ ಟೊಳ್ಳು. ಒಂದು ರಸ್ತೆಯ 40 ಮರ 10 ವರ್ಷದ ಅಂತರದಲ್ಲಿ ಒಂದಾದ ಮೇಲೊಂದು ಬೀಳುವ ಕಾಲ ಬಂದೇ ಬರುತ್ತೆ. ಆಗ ತೆಗೆಯುವ ಖರ್ಚು, ಬೊಡ್ಡೆ ಕೀಳುವ ಖರ್ಚು, ಹೊಸದು ನೆಡುವ ಖರ್ಚು ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತೆ. ಇದನ್ನು ಮೊದಲೇ ಕಂಡು ವರ್ಷಕ್ಕೆ ಇಷ್ಟು ಎಂದು ಹಣ ತೆಗೆದಿಡುವುದು ಯಾವ ಮನೆಯ ಯಜಮಾನನಿಗೂ ಗೊತ್ತಿರುವ ವಿದ್ಯೆ. ಊರಿನ ಯಜಮಾನರಿಗೆ ಅದು ಯಾಕೋ ಮರೆತುಹೋಗುತ್ತೆ.

ಸಸಿಯ ಲೆಕ್ಕವನ್ನೇ ಹಾಕಿ ನೋಡಿ. ಬೀಜ ಹಾಕಿ, ರಸ್ತೆಗೆ ಇಡುವಷ್ಟು ಎತ್ತರ ಬರುವತನಕ ಒಂದೆರಡು ವರ್ಷ ನರ್ಸರಿಯಲ್ಲಿ ಸಾಕಬೇಕು. ಆಮೇಲೆ ಗುಂಡಿ, ಕೆಂಪುಮಣ್ಣು, ಗೊಬ್ಬರ, ಊರುಗೋಲು, ದನ ಬಾಯಿ ಹಾಕದ ಹಾಗೆ ಸುತ್ತ ಬೇಲಿ. ಇಷ್ಟಾದರೆ ಮಂತ್ರಿಗಳು ಬಂದು ನೀರು ಹುಯ್ದು ಫೋಟೊ ತೆಗೆಸಿಕೊಳ್ಳಬಹುದು. ನಿಜವಾದ ಖರ್ಚು ಶುರುವಾಗೋದು ಆಮೇಲೆ. ಬೇಸಿಗೆಯ ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ನೀರು ಎಂದರೆ ಒಂದು ಬೇಸಿಗೆಗೆ 34 ಸಲ. ಮೂರು ಬೇಸಿಗೆಗೆ 102 ಸಲ. ಸಾವಿರ ಸಸಿ ನೆಟ್ಟರೆ ಲಕ್ಷಕ್ಕೂ ಮೇಲೆ ಸಲ ಯಾರೋ ಒಬ್ಬ ನೀರು ಹೊತ್ತು ಹೋಗಬೇಕು. ಅವನ ಕೂಲಿ ಯಾವ ತಲೆಬರಹದಡಿ ಬರುತ್ತೆ ಎಂಬುದು ನೆಡುವ ದಿನವೇ ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಮುಂದಿನ ಜೂನಿನಲ್ಲಿ ಅದೇ ಗುಂಡಿಗೆ ಇನ್ನೊಂದು ಸಸಿ, ಇನ್ನೊಂದು ಬಿಲ್ಲು.

ಲಾಲ್‌ಬಾಗಿನಂಥ ಕಡೆ ನರ್ಸರಿ, ಮಾಲಿ, ನೀರು, ಮೇಲ್ವಿಚಾರಕ ಎಲ್ಲ ಒಂದೇ ಇಲಾಖೆಯೊಳಗೆ ಇದ್ದದ್ದು ಕ್ರುಂಬಿಗಲ್ ಅವರಿಗೆ ಇದ್ದ ದೊಡ್ಡ ಬಲ. ಸಸಿ ಬೆಳೆಸಿದವನಿಗೇ ಅದು ಮರವಾಗುವುದನ್ನು ನೋಡುವ ಹೊಣೆ. ಈಗ ಸಸಿ ಒಬ್ಬ ಕಂಟ್ರಾಕ್ಟರ್ ತರುತ್ತಾನೆ, ಗುಂಡಿ ಇನ್ನೊಬ್ಬ ತೋಡುತ್ತಾನೆ. ಮೂರನೆಯವನ ಟೆಂಡರು ಮುಗಿದ ತಿಂಗಳಿಗೆ ನೀರು ನಿಲ್ಲುತ್ತೆ.

ದುಡಿಯುವ ಮರ, ಹೂ ಬಿಡುವ ಮರ

ಹಿಂದಿನವರು ದಾರಿಯ ಬದಿಗೆ ಹುಣಸೆ, ಮಾವು, ನೇರಳೆ, ಹೊಂಗೆ ನೆಡುತ್ತಿದ್ದರು. ನೆರಳಿಗೆ ನೆರಳಾಯಿತು. ಹುಣಸೆಯ ಫಸಲನ್ನು ಹರಾಜು ಹಾಕಿದರೆ ಒಂದಿಷ್ಟು ದುಡ್ಡೂ ಬಂತು. ಹೊಂಗೆಬೀಜದ ಎಣ್ಣೆಯಲ್ಲಿ ದೀಪ ಉರಿಯಿತು, ಹಿಂಡಿ ಗದ್ದೆಗೆ ಹೋಯಿತು. ಆ ಮರ ತನ್ನ ಖರ್ಚನ್ನು ತಾನೇ ದುಡಿಯುತ್ತಿತ್ತು.

ಜಕರಂಡ, ಗುಲ್‌ಮೊಹರ್ ಹಾಗಲ್ಲ. ಹಣ್ಣಿಲ್ಲ, ಎಣ್ಣೆಯಿಲ್ಲ. ಗುಲ್‌ಮೊಹರಿನ ಮರ ಬಾಗಿಲಿಗೂ ಬರಲ್ಲ, ಕಿಟಕಿಗೂ ಬರಲ್ಲ, ಒಲೆಗೆ ಹಾಕಬೇಕಷ್ಟೆ. ಅವು ಕೊಡುವುದು ಚೆಂದ, ತಂಪು, ನೆರಳು. ಇವಕ್ಕೆ ಅಂಗಡಿಯಲ್ಲಿ ರೇಟಿಲ್ಲ. ಆದ್ದರಿಂದ ಅವುಗಳ ಊಟದ ಖರ್ಚನ್ನು ಊರೇ ಕೊಡಬೇಕು. ಹೂ ಮರವನ್ನು ಬೀದಿಗೆ ತಂದ ದಿನವೇ ಬೆಂಗಳೂರು ಒಂದು ಖಾಯಂ ಖರ್ಚಿಗೆ ರುಜು ಹಾಕಿತು. ಆರ್ಥಿಕ ಸಸ್ಯಶಾಸ್ತ್ರಜ್ಞನೆಂದೇ ಬಂದ ಮನುಷ್ಯನ ಹೆಸರಿಗೆ ಈ ಊರು ದುಡಿಯದ ಮರಗಳನ್ನು ನೆನೆಯುವುದು ವಿಚಿತ್ರ. ಆದರೆ ನಗರವೆಂದರೆ ಬರೀ ಫಸಲಲ್ಲ ಎಂಬುದೂ ಒಂದು ಲೆಕ್ಕವೇ.

ಇದೇ ಮಾತಿಗೆ ಇನ್ನೊಂದು ಉದಾಹರಣೆ ಕನ್ನಂಬಾಡಿಯ ಬೃಂದಾವನ. ಕೃಷ್ಣರಾಜಸಾಗರದ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. ಅದರ ಕೆಳಗೆ 1927ರಿಂದ 1932ರ ಹೊತ್ತಿಗೆ ತೋಟ ಎದ್ದಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕನಸು, ಕ್ರುಂಬಿಗಲ್ ಅವರ ಕೈ. ಇವತ್ತಿಗೂ ಅಲ್ಲಿ ಗೇಟಿದೆ, ಟಿಕೆಟ್ಟಿದೆ. ನೋಡಲು ಬಂದವನು ದುಡ್ಡು ಕೊಟ್ಟು ಒಳಗೆ ಹೋಗುತ್ತಾನೆ. ಲಾಲ್‌ಬಾಗಿಗೂ ಟಿಕೆಟ್ಟಿದೆ. ಬೀದಿ ಮರಕ್ಕೆ ಗೇಟು ಹಾಕೋದು ಹೇಗೆ? ಅದರಡಿ ತಳ್ಳುಗಾಡಿಯವನು ನಿಲ್ತಾನೆ, ಬಸ್ಸಿಗೆ ಕಾಯುವ ಮುದುಕಿ ನಿಲ್ತಾಳೆ, ಕಾರಿನವನು ಕಾರು ನಿಲ್ಲಿಸ್ತಾನೆ. ಯಾರಿಗೂ ಬಿಲ್ಲಿಲ್ಲ. ಎಲ್ಲರಿಗೂ ಸೇರಿದ್ದಕ್ಕೆ ಎಲ್ಲರ ಕಂದಾಯದಿಂದಲೇ ಹಣ ಬರಬೇಕು.

ಮುಂಬಯಿ, ಪುಣೆ ಕಡೆ ಆಸ್ತಿ ತೆರಿಗೆಯ ಚೀಟಿಯಲ್ಲಿ ಮರದ ಸೆಸ್ ಎಂದು ಒಂದು ಸಾಲು ಇರುತ್ತೆ. ಮಹಾರಾಷ್ಟ್ರ 1975ರಲ್ಲಿ ನಗರದ ಮರಗಳ ಕಾಯ್ದೆ ಮಾಡಿತು. ಮರುವರ್ಷ, 1976ರಲ್ಲಿ, ಕರ್ನಾಟಕವೂ ಮರ ಸಂರಕ್ಷಣಾ ಕಾಯ್ದೆ ಮಾಡಿತು. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು ಎಂದಾಯಿತು. ಒಳ್ಳೆಯದೇ. ಆದರೆ ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆ ಆರೋಗ್ಯಕ್ಕೆ ಸೆಸ್ ಇದೆ, ಗ್ರಂಥಾಲಯಕ್ಕೆ ಇದೆ, ಭಿಕ್ಷುಕರ ಪರಿಹಾರಕ್ಕೂ ಇದೆ. ಮರಕ್ಕೆ ಇಲ್ಲ. ಕಡಿಯೋದಕ್ಕೆ ಕಾನೂನು ಬಂತು, ಸಾಕೋದಕ್ಕೆ ಬಾಬ್ತು ಬರಲಿಲ್ಲ.

ಎರಡು ಯುದ್ಧ, ಒಂದು ಊರು

ಕ್ರುಂಬಿಗಲ್ ಅವರ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ಮೈಸೂರು ಮಹಾರಾಜರ ನೌಕರ ನಿಜ. ಆದರೆ ಮೇಲೆ ಬ್ರಿಟಿಷರ ರಾಜ್ಯಭಾರ. 1914ರಲ್ಲಿ ಯುದ್ಧ ಹೊತ್ತಿಕೊಂಡಾಗ ಜರ್ಮನ್ ಎಂಬ ಒಂದೇ ಕಾರಣಕ್ಕೆ ಅನುಮಾನದ ಕಣ್ಣು ಬೀಳುವ ಕಾಲ. ಅದನ್ನು ದಾಟಿ ಕೆಲಸದಲ್ಲಿ ಉಳಿದರು. 1939ರಲ್ಲಿ ಎರಡನೇ ಯುದ್ಧ ಬಂದಾಗ ಎಪ್ಪತ್ತು ದಾಟಿದ ಮುದುಕ. ಆಗಲೂ ಹುಟ್ಟಿದ ದೇಶದ ಬಿಸಿ ತಟ್ಟದೆ ಇರಲಿಲ್ಲ. ಮೂವತ್ತು ವರ್ಷ ಈ ಮಣ್ಣಿನಲ್ಲಿ ಸಸಿ ಊರಿಸಿದವರು ಕಾಗದದ ಮೇಲೆ ಇನ್ನೂ ಪರದೇಶಿಯೇ.

ದಿವಾನರುಗಳು ಬಂದರು, ಹೋದರು. ಮಾಧವರಾಯರು, ಆನಂದರಾಯರು, ವಿಶ್ವೇಶ್ವರಯ್ಯನವರು, ಕಾಂತರಾಜ ಅರಸರು, ಬ್ಯಾನರ್ಜಿ, ಮಿರ್ಜಾ ಸಾಹೇಬರು. ಆರು ಮಂದಿ ದಿವಾನರ ಕಾಲದಲ್ಲಿ ಒಬ್ಬರೇ ತೋಟದ ಅಧಿಕಾರಿ. ಇದು ಸಣ್ಣ ಮಾತಲ್ಲ. ಮರಕ್ಕೆ ಬೇಕಾದದ್ದು ಇದೇ. ನೆಟ್ಟವನು ಅದು ಹೂ ಬಿಡುವತನಕ ಅದೇ ಕುರ್ಚಿಯಲ್ಲಿರಬೇಕು. ಎರಡು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿಗೆ ಆರಂಭದ ಸಮಾರಂಭ ಸಿಗುತ್ತೆ, ಬೇಸಿಗೆಯ ನೀರು ಸಿಗಲ್ಲ.

ಆಡಳಿತದ ತೊಡಕು ಆಗಲೂ ಇತ್ತು. ಆಗ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆಯ ಕಡೆ ಮೈಸೂರು ಸರ್ಕಾರ. ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರ ಕಾರುಬಾರು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಅವೆರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆಗ ಕ್ರುಂಬಿಗಲ್ ಇನ್ನೂ ಬದುಕಿದ್ದರು. 2007ರಲ್ಲಿ ಅದು ಬೃಹತ್ ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ಒಡೆದು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಮಾಡಿದ್ದಾಯಿತು. ರಸ್ತೆಯ ಈ ಬದಿ ಒಂದು ಪಾಲಿಕೆ, ಆ ಬದಿ ಇನ್ನೊಂದು. ಬೇರು ಇಲ್ಲಿ, ಕೊಂಬೆ ಅಲ್ಲಿ. ಮರಕ್ಕೆ ಈ ಗಡಿಯೆಲ್ಲ ಗೊತ್ತಾಗಲ್ಲ. ಬೀಳುವಾಗ ಯಾರ ಸರಹದ್ದು ಎಂದು ಕೇಳಿ ಬೀಳೋದಿಲ್ಲ.

ಕೊನೆಯ ದಿನಗಳು

1932ರಲ್ಲಿ ಕ್ರುಂಬಿಗಲ್ ಹುದ್ದೆಯಿಂದ ನಿವೃತ್ತರಾದರು. ಅವರ ಕೈಕೆಳಗೆ ಪಳಗಿದ್ದ ಎಚ್.ಸಿ. ಜವರಾಯರು ಲಾಲ್‌ಬಾಗಿನ ಹೊಣೆ ಹೊತ್ತರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರು. ಮುಂದೆ ಎಂ.ಎಚ್. ಮರಿಗೌಡರು ಬಂದು ತೋಟಗಾರಿಕೆಯನ್ನು ಹಳ್ಳಿಹಳ್ಳಿಗೂ ಒಯ್ದರು. ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡ ಹೀಗೆ ಕೆಲಸ ಕೈಯಿಂದ ಕೈಗೆ ಹೋಯಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಿತ್ತು ಹಾಕಲಿಲ್ಲ. ಮರಗಳ ಆಡಳಿತದಲ್ಲಿ ಇದೇ ಅರ್ಧ ಕೆಲಸ.

ನಿವೃತ್ತಿಯಾದ ಮೇಲೆ ಹುಟ್ಟಿದೂರಿಗೆ ಹೋಗಿ ನೆಲೆಸಬಹುದಿತ್ತು. ಹೋಗಲಿಲ್ಲ. ಸಲಹೆ ಕೇಳಿದವರಿಗೆ ಸಲಹೆ ಕೊಡುತ್ತ ಬೆಂಗಳೂರಿನಲ್ಲೇ ಉಳಿದರು. 1956ರ ಫೆಬ್ರವರಿ 8ರಂದು, 90 ತುಂಬಿದ ಮೇಲೆ, ಇಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಕ್ರೈಸ್ತರ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಬಹಳ ಕಾಲ ಅದನ್ನು ಕೇಳುವವರಿರಲಿಲ್ಲ. ಈಚಿನ ವರ್ಷಗಳಲ್ಲಿ ಅವರ ವಂಶದವರು ಪರದೇಶದಿಂದ ಬಂದು ಸರಿಪಡಿಸಿದರು.

ಲಾಲ್‌ಬಾಗಿನೊಳಗೆ ಅವರ ಹೆಸರಿನ ಒಂದು ಹಳೇ ಕಟ್ಟಡ ಇತ್ತು, ಕ್ರುಂಬಿಗಲ್ ಹಾಲ್. ಕಂಬಗಳಿದ್ದ ಚೆಂದದ ಮುಂಭಾಗ, ಒಳಗೆ ಉಪನ್ಯಾಸಕ್ಕೆ ಜಾಗ. ವರ್ಷಗಟ್ಟಲೆ ಬಾಗಿಲು ಹಾಕಿತ್ತು, ಸೂರು ಸೋರುತ್ತಿತ್ತು. ದುರಸ್ತಿಯ ಮಾತು ಮಾತಾಗಿಯೇ ಉಳಿಯಿತು. 2017ರ ಮಳೆಗಾಲದ ಕೊನೆಯಲ್ಲಿ ಅದರ ಒಂದು ಭಾಗ ಕುಸಿಯಿತು, ಮಿಕ್ಕದ್ದನ್ನೂ ಕೆಡವಿಬಿಟ್ಟರು. ಜನ ಕೂಗಾಡಿದರು. ಅದೇ ಮಾದರಿಯಲ್ಲಿ ಮತ್ತೆ ಕಟ್ಟುವ ಕೆಲಸ ಆಮೇಲೆ ನಡೆಯಿತು. ಸೋರುವ ಸೂರಿಗೆ ಆ ಕಾಲದಲ್ಲೇ ಹತ್ತು ಹೆಂಚು ಹಾಕಿಸಿದ್ದರೆ ಆಗುತ್ತಿದ್ದ ಖರ್ಚೆಷ್ಟು, ಹೊಸದಾಗಿ ಕಟ್ಟಲು ತಗುಲಿದ ಖರ್ಚೆಷ್ಟು? ಬೀದಿ ಮರದ ಕಥೆಯೂ ಇದೇ. ಒಣಕೊಂಬೆಯನ್ನು ಮಾರ್ಚಿನಲ್ಲಿ ಸವರಿದರೆ ಇಬ್ಬರು ಆಳಿನ ಅರ್ಧ ದಿನದ ಕೂಲಿ. ಮೇ ತಿಂಗಳಲ್ಲಿ ಅದೇ ಬಿದ್ದರೆ ಒಂದು ಕಾರು, ಎರಡು ಕಂಬ, ಕೆಲವು ಸಲ ಒಂದು ಜೀವ.

ಲೆಕ್ಕ ಇನ್ನೂ ಬಾಕಿ

ಕ್ರುಂಬಿಗಲ್ ಅವರ ಆಯ್ಕೆಯಲ್ಲಿ ದೋಷ ಹುಡುಕುವವರೂ ಇದ್ದಾರೆ. ಪರದೇಶದ ಮರ ಯಾಕೆ, ಹೊಂಗೆ ಬೇವು ಸಾಲದೆ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಈಗಿನ ಕಿರಿದಾದ ಫುಟ್‌ಪಾತಿಗೆ ಗುಲ್‌ಮೊಹರ್ ಒಗ್ಗುವುದಿಲ್ಲ. ಆದರೆ ಬೀಳುವ ಮರಗಳ ಪಾಪವನ್ನೆಲ್ಲ ಸತ್ತವರ ತಲೆಗೆ ಕಟ್ಟುವ ಮೊದಲು ಮರದ ಬುಡ ನೋಡಬೇಕು. ಬುಡದ ತನಕ ಕಾಂಕ್ರೀಟು ಹಾಕಿ ನೀರು ಇಳಿಯದ ಹಾಗೆ ಮಾಡಿದ್ದು ಯಾರು? ಕೇಬಲ್ಲಿಗೆ, ಪೈಪಿಗೆ ಅಗೆದು ಒಂದು ಬದಿಯ ಬೇರು ಕತ್ತರಿಸಿದ್ದು ಯಾರು? ತಂತಿಗೆ ತಾಗುತ್ತೆ ಎಂದು ಒಂದೇ ಕಡೆಯ ಕೊಂಬೆ ಕಡಿದು, ಮರ ಇನ್ನೊಂದು ಕಡೆಗೆ ವಾಲುವ ಹಾಗೆ ಮಾಡಿದ್ದು ಯಾರು? ಇವು ಯಾವುವೂ ಸ್ಯಾಕ್ಸನಿಯಿಂದ ಬಂದವರು ಮಾಡಿದ್ದಲ್ಲ.

ಐದು ಪಾಲಿಕೆಗಳಿಗೂ ಬಡ್ಜೆಟ್ ಮಾಡುವ ಕಾಲ ಬರುತ್ತೆ, ಹೋಗುತ್ತೆ. ಲಕ್ಷ ಸಸಿ, ಹತ್ತು ಲಕ್ಷ ಸಸಿ ಎಂಬ ಘೋಷಣೆಗೆ ಬರವಿಲ್ಲ. ಅದರ ಪಕ್ಕದಲ್ಲಿ ನಾಲ್ಕು ಸಣ್ಣ ಸಾಲು ಬರೆದರೆ ಸಾಕು. ಮೂರು ಬೇಸಿಗೆಯ ನೀರಿಗೆ ಇಷ್ಟು. ಮಳೆಗೆ ಮುಂಚೆ ಒಣಕೊಂಬೆ ಸವರಲು ಇಷ್ಟು. ಪ್ರತಿ ವಾರ್ಡಿನ ಮುದಿ ಮರಗಳನ್ನು ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಲು ಇಷ್ಟು. ಬಿದ್ದದ್ದರ ಜಾಗಕ್ಕೆ ಅದೇ ವರ್ಷ ಇನ್ನೊಂದು ಇಡಲು ಇಷ್ಟು. ಹಾಗೆ ಬರೆದ ಹಣ ಬೇರೆ ಬಾಬ್ತಿಗೆ ಜಾರದ ಹಾಗೆ ಒಂದು ಬೀಗ.

ಕ್ರುಂಬಿಗಲ್ ಅವರಿಗೆ ಇನ್ನೊಂದು ರಸ್ತೆ, ಇನ್ನೊಂದು ಹಾಲು, ಇನ್ನೊಂದು ಪ್ರತಿಮೆ ಬೇಕಾಗಿಲ್ಲ. ಅವರ ಕಾಲದ ಮರಗಳು ಒಂದೊಂದಾಗಿ ಆಯುಸ್ಸು ಮುಗಿಸುತ್ತಿವೆ. ಅವುಗಳ ಜಾಗಕ್ಕೆ ಬರುವ ಸಸಿಗೆ ಮೂರು ವರ್ಷ ತಪ್ಪದೆ ನೀರು ಹುಯ್ಯುವ ಮಾಲಿಗೆ ತಿಂಗಳ ಕೊನೆಗೆ ಸರಿಯಾಗಿ ಸಂಬಳ ಬಂದರೆ, ಅದೇ ಅವರಿಗೆ ಕಟ್ಟಿದ ಸ್ಮಾರಕ.